ಚಾವಣಿ ಇರೋ ಸೇತುವೆ, ಚಾವಣಿ ಇಲ್ಲದ ಸಂಕ

ವಿಡಿಯೋ ನೋಡಿದವರಿಗೆ ಇದರಲ್ಲಿ ಅರ್ಧ ಗೊತ್ತಿರೋ ವಿಷಯವೇ. ಮಾತಾಡುವಾಗ ಲೆಕ್ಕ, ಇಸವಿ ಎಲ್ಲ ಹೇಳ್ತಾ ಹೋದರೆ ಕೇಳೋರಿಗೆ ಬೇಜಾರಾಗುತ್ತೆ ಅಂತ ಅಲ್ಲಿ ಬಿಟ್ಟಿದ್ದನ್ನು ಇಲ್ಲಿ ಸೇರಿಸಿದ್ದೀನಿ. ವಿಡಿಯೋ ನೋಡದವರೂ ಓದಬಹುದು, ಏನೂ ತೊಂದರೆ ಇಲ್ಲ.

ಅಮೆರಿಕದ ಹಳ್ಳಿಗಳನ್ನು ತೋರಿಸೋ ಸಿನಿಮಾಗಳಲ್ಲಿ ನೀವು ಒಂದು ಥರದ ಸೇತುವೆ ನೋಡಿರ್ತೀರಿ. ಹೊಳೆಯ ಮೇಲೆ ಒಂದು ಉದ್ದನೆಯ ಮರದ ಮನೆ ಇಟ್ಟ ಹಾಗೆ. ಎರಡೂ ಕಡೆ ಹಲಗೆಯ ಗೋಡೆ, ಮೇಲೆ ಇಳಿಜಾರು ಚಾವಣಿ, ಒಳಗೆ ಕತ್ತಲೆ. ಇದಕ್ಕೆ ಚಾವಣಿ ಯಾಕೆ ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಮಳೆಯಲ್ಲಿ ನೆನೆಯಬಾರದಲ್ಲ ಅಂತಾರೆ. ಹಿಮ ಬೀಳುತ್ತಲ್ಲ ಅನ್ನೋರೂ ಇದ್ದಾರೆ. ಹಾಗೇನಿಲ್ಲ. ಚಾವಣಿ ಇರೋದು ಜನರಿಗಾಗಿ ಅಲ್ಲ, ಸೇತುವೆಗಾಗಿ. ಮರದ ತೊಲೆಗಳು ಒಂದಕ್ಕೊಂದು ಸೇರುವ ಕೀಲುಗಳಲ್ಲಿ ನೀರು ನಿಂತರೆ ಅಲ್ಲಿಂದಲೇ ಕೊಳೆಯೋಕೆ ಶುರುವಾಗುತ್ತೆ. ಬಯಲಲ್ಲಿ ಬಿಟ್ಟ ಮರದ ಸೇತುವೆ ಹತ್ತು ಹದಿನೈದು ವರ್ಷ ಬಾಳಿದರೆ ಅದೇ ಹೆಚ್ಚು. ಅದೇ ತೊಲೆಗಳ ಮೇಲೆ ಒಂದು ಚಾವಣಿ ಹಾಕಿ, ಗೋಡೆ ಹೊದಿಸಿದರೆ ನೂರು ವರ್ಷ ದಾಟಿದ ಉದಾಹರಣೆಗಳಿವೆ. ತೊಲೆ ಕೆಟ್ಟರೆ ಸೇತುವೆ ಹೋಯಿತು, ಚಾವಣಿ ಕೆಟ್ಟರೆ ನಾಲ್ಕು ಹಲಗೆ ಬದಲಾಯಿಸಿದರೆ ಆಯಿತು. ದುಬಾರಿ ಭಾಗವನ್ನು ಕಾಪಾಡೋಕೆ ಅಗ್ಗದ ಭಾಗವನ್ನು ಸವೆಯಲು ಬಿಡೋದು. ಇದಕ್ಕಿಂತ ಬುದ್ಧಿವಂತ ಡಿಸೈನ್ ಹೆಚ್ಚು ನೋಡಿಲ್ಲ ನಾನು.

ಫಿಲಡೆಲ್ಫಿಯಾದ ಸ್ಕೂಲ್‌ಕಿಲ್ ನದಿಯ ಮೇಲೆ 1805ರಲ್ಲಿ ತೆರೆದ ಸೇತುವೆಯನ್ನು ಅಮೆರಿಕದ ಮೊದಲ ಚಾವಣಿ ಸೇತುವೆ ಅಂತಾರೆ. ಕಟ್ಟಿದವನು ತಿಮೋತಿ ಪಾಮರ್ ಅನ್ನೋ ಬಡಗಿ. ಆದರೆ ಅದಕ್ಕೆ ಚಾವಣಿ ಹಾಕಿಸಲೇಬೇಕು ಅಂತ ಹಟ ಹಿಡಿದವರು ಸೇತುವೆ ಕಂಪನಿಯ ಅಧ್ಯಕ್ಷರಾಗಿದ್ದ ನ್ಯಾಯಾಧೀಶ ರಿಚರ್ಡ್ ಪೀಟರ್ಸ್. ನನಗೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಕಟ್ಟುವವನ ತಲೆಯಲ್ಲಿ ಉದ್ಘಾಟನೆಯ ದಿನ ಇರುತ್ತೆ, ದುಡ್ಡು ಹಾಕಿದವನ ತಲೆಯಲ್ಲಿ ಇಪ್ಪತ್ತನೇ ವರ್ಷ ಇರುತ್ತೆ. ಯುರೋಪಿನಲ್ಲಿ ಇದು ಇನ್ನೂ ಹಳೆಯದು. ಸ್ವಿಟ್ಜರ್ಲೆಂಡಿನ ಲೂಸರ್ನ್ ಊರಿನ ಕಾಲುಸೇತುವೆ 14ನೇ ಶತಮಾನದ್ದು. ಅದಕ್ಕೂ ಚಾವಣಿ ಇದೆ, ಚಾವಣಿಯ ಕೆಳಗೆ 17ನೇ ಶತಮಾನದ ತ್ರಿಕೋನಾಕಾರದ ವರ್ಣಚಿತ್ರಗಳ ಸಾಲೇ ಇತ್ತು. 1993ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದು ಸೇತುವೆಯ ಬಹುಭಾಗವೂ ಬಹುಪಾಲು ಚಿತ್ರಗಳೂ ಸುಟ್ಟುಹೋದವು. ಮುಂದಿನ ವರ್ಷವೇ ಮತ್ತೆ ಕಟ್ಟಿ ತೆರೆದರು. ನೀರಿನಿಂದ ಕಾಪಾಡಿದ ಒಣ ಮರಕ್ಕೆ ಬೆಂಕಿಯ ಭಯ, ಅದೊಂದು ವಿಪರ್ಯಾಸ.

ಸರಿ, ಹಾಗಾದರೆ ನಮ್ಮ ಕಡೆ? ಆಗುಂಬೆಯಷ್ಟು ಮಳೆ ಬೀಳೋ ನಾಡು ನಮ್ಮದು, ಮರಕ್ಕೆ ಬರ ಇರಲಿಲ್ಲ. ಕರ್ನಾಟಕದಲ್ಲಿ ಈ ಥರದ ಚಾವಣಿ ಸೇತುವೆ ಯಾಕೆ ಬೆಳೆಯಲಿಲ್ಲ?

ನನ್ನ ಉತ್ತರ ಹೀಗೆ. ನಮ್ಮವರು ಈ ಸಮಸ್ಯೆಯನ್ನು ಎರಡು ತುದಿಗಳಿಂದ ಹಿಡಿದರು. ಒಂದು, ಕೊಳೆಯದೇ ಇರೋ ವಸ್ತುವಿನಲ್ಲೇ ಕಟ್ಟೋದು. ಎರಡು, ಕೊಳೆಯಲಿ ಬಿಡು ಅಂತ ಪ್ರತಿ ವರ್ಷ ಹೊಸದು ಹಾಕೋದು. ಮಧ್ಯದ ದಾರಿಯಾದ ಚಾವಣಿ ನಮಗೆ ಬೇಕಾಗಲಿಲ್ಲ.

ಮೊದಲನೇ ದಾರಿಗೆ ಶ್ರೀರಂಗಪಟ್ಟಣಕ್ಕೆ ಹೋಗಿ ನೋಡಿ. ಕಾವೇರಿಯ ಮೇಲಿನ ವೆಲ್ಲೆಸ್ಲಿ ಸೇತುವೆ 1804ರದ್ದು, ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿದ್ದು. ಹೆಸರು ಗವರ್ನರ್ ಜನರಲ್ಲಿನದು, ಆದರೆ ಕಟ್ಟಿದ ರೀತಿ ಪೂರ್ತಿ ನಮ್ಮದೇ. ಕಮಾನೇ ಇಲ್ಲ. ಕಲ್ಲಿನ ಕಂಬ, ಕಂಬದ ತಲೆಯ ಮೇಲೆ ಎರಡೂ ಕಡೆ ಚಾಚಿದ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ದೇವಸ್ಥಾನದ ಮಂಟಪವನ್ನೇ ಉದ್ದಕ್ಕೆ ಎಳೆದು ನದಿಗೆ ಇಳಿಸಿದ ಹಾಗೆ. ಹಂಪಿಯಲ್ಲಿ ವಿಠ್ಠಲ ದೇವಸ್ಥಾನದ ಹತ್ತಿರ ತುಂಗಭದ್ರೆಯಲ್ಲಿ ಸಾಲಾಗಿ ನಿಂತಿರೋ ಕಲ್ಲುಕಂಬಗಳೂ ಇದೇ ಕುಲದವು. ಮೇಲಿನ ಹಾಸು ಹೋಗಿದೆ, ಕಂಬಗಳು ಉಳಿದಿವೆ. 16ನೇ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿ ಜನ ಬುಟ್ಟಿಯಂಥ ದುಂಡನೆಯ ದೋಣಿಯಲ್ಲಿ ದಾಟುತ್ತಿದ್ದರು ಅಂತ ಬರೆದಿದ್ದಾನೆ. ಅದೇ ನಮ್ಮ ಹರಿಗೋಲು.

ಆದರೆ ಕಲ್ಲಿನ ಸೇತುವೆ ಅಂದರೆ ರಾಜ, ದಿವಾನ, ಜಾಗೀರುದಾರ ಇರಬೇಕು. ಮಲೆನಾಡಿನ ಒಂಟಿಮನೆಯವನಿಗೆ ಇದು ಆಗೋ ಹೋಗೋ ಮಾತಲ್ಲ. ಅವನ ಮನೆಗೂ ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ಜೂನ್ ಬಂತು ಅಂದರೆ ಅದೇ ಹಳ್ಳ ಆಳೆತ್ತರ ಕೆಂಪು ನೀರು. ಅವನು ಹಾಕಿಕೊಂಡಿದ್ದು ಕಾಲುಸಂಕ.

ಬಯಲುಸೀಮೆಯ ಗೆಳೆಯರಿಗೆ ಕಾಲುಸಂಕ ಅಂದರೇನು ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಎರಡೋ ಮೂರೋ ಅಡಿಕೆ ಮರ ಕಡಿದು, ದಡದಿಂದ ದಡಕ್ಕೆ ಅಡ್ಡ ಹಾಕೋದು. ಹಳ್ಳ ಅಗಲ ಇದ್ದರೆ ನಡುವೆ ಕವೆಗೋಲು ನೆಟ್ಟು ಆಸರೆ. ಮರಗಳು ಉರುಳದ ಹಾಗೆ ಬಳ್ಳಿಯಿಂದಲೋ ಹಗ್ಗದಿಂದಲೋ ಬಿಗಿಯೋದು. ಒಂದು ಕಡೆ ಹಿಡಿದುಕೊಳ್ಳೋಕೆ ಬಿದಿರಿನ ಗಳ, ಅದೂ ಇದ್ದರೆ ಇತ್ತು. ಅಡಿಕೆ ಮರವೇ ಯಾಕೆ? ತೋಟದಲ್ಲಿ ಹೇಗೂ ಇದೆ, ನೇರವಾಗಿದೆ, ಇಬ್ಬರು ಹೊತ್ತು ತರಬಹುದು. ಇಂಜಿನಿಯರಿಂಗ್ ಕಣ್ಣಿನಿಂದ ನೋಡಿದರೆ ಇನ್ನೊಂದು ಚಂದ ಇದೆ. ಅದರ ಹೊರಸುತ್ತು ಗಟ್ಟಿ ನಾರು, ಒಳಗೆ ಮೆತ್ತನೆಯ ತಿರುಳು. ಬಾಗುವಾಗ ಹೆಚ್ಚು ಒತ್ತಡ ಬೀಳೋದು ಹೊರಸುತ್ತಿಗೇ. ಅಂದ್ರೆ ಶಕ್ತಿ ಬೇಕಾದ ಜಾಗದಲ್ಲೇ ಶಕ್ತಿ ಇದೆ, ಕಬ್ಬಿಣದ ಪೈಪಿನ ಹಾಗೆ. ಕೆಟ್ಟದ್ದು ಏನು ಅಂದರೆ ಮಳೆಗೆ ಬಿಟ್ಟ ಅಡಿಕೆ ಮರ ಬೇಗ ಕೊಳೆಯುತ್ತೆ. ಕೊಳೆಯುವ ಮುಂಚೆಯೇ ಪಾಚಿ ಕಟ್ಟಿ ಜಾರುತ್ತೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ, ಸೌದೆ ಒಟ್ಟುವ, ಹಪ್ಪಳ ಒಣಗಿಸುವ ಹೊತ್ತಿನಲ್ಲೇ, ಅಕ್ಕಪಕ್ಕದ ಮನೆಯವರು ಸೇರಿ ಹೊಸ ಸಂಕ ಹಾಕೋದು. ಅದಕ್ಕೆ ಕೂಲಿ ಇಲ್ಲ, ಬಂದವರಿಗೆ ಊಟ.

ಇದನ್ನು ಬಡತನದ ಲಕ್ಷಣ ಅಂತ ಮಾತ್ರ ನೋಡಬಾರದು ಅಂತ ನನ್ನ ವಾದ. ಪೆರು ದೇಶದಲ್ಲಿ ಅಪುರಿಮಾಕ್ ನದಿಯ ಮೇಲೆ ಕ್ಯೆಸ್ವಾಚಾಕಾ ಅನ್ನೋ ತೂಗುಸೇತುವೆ ಇದೆ. ಇಂಕಾ ಕಾಲದ ಪದ್ಧತಿ, ಪೂರ್ತಿ ಹುಲ್ಲಿನ ಹಗ್ಗದ್ದು. ಉದ್ದ ಸುಮಾರು 28 ಮೀಟರ್. ಪ್ರತಿ ಜೂನ್‌ನಲ್ಲಿ ನಾಲ್ಕು ಊರಿನವರು ಸೇರಿ ಹುಲ್ಲು ಹೊಸೆದು, ಹಳೆಯದನ್ನು ನದಿಗೆ ಬಿಟ್ಟು, ಮೂರು ದಿನದಲ್ಲಿ ಹೊಸದು ಕಟ್ಟುತ್ತಾರೆ. ನಾಲ್ಕನೇ ದಿನ ಹಬ್ಬ. 2013ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಅಮೂರ್ತ ಪರಂಪರೆ ಅಂತ ಪಟ್ಟಿಗೆ ಸೇರಿಸಿತು. ಗಮನಿಸಿ, ಪಟ್ಟಿಗೆ ಸೇರಿದ್ದು ಸೇತುವೆ ಅಲ್ಲ, ವರ್ಷ ವರ್ಷ ಅದನ್ನು ಕಟ್ಟುವ ಕ್ರಿಯೆ. ಕೊರೊನಾ ಬಂದು ನವೀಕರಣ ತಪ್ಪಿಹೋಯಿತು, 2021ರ ಮಾರ್ಚ್‌ನಲ್ಲಿ ಸೇತುವೆ ಕಳಚಿ ಬಿತ್ತು. ಅದೇ ಜೂನ್‌ನಲ್ಲಿ ಮತ್ತೆ ಕಟ್ಟಿದರು. ನಮ್ಮ ಕಾಲುಸಂಕದ ಅಣ್ಣನೇ ಅದು. ಒಂದೇ ವ್ಯತ್ಯಾಸ, ನಮ್ಮದಕ್ಕೆ ಪ್ರವಾಸಿಗರಿಲ್ಲ.

ಅಡಿಕೆ ಮರದ ಮಾತು ಬಂದಿದ್ದಕ್ಕೆ ಇನ್ನೊಂದು. ಮೇಘಾಲಯದ ಜೀವಂತ ಬೇರಿನ ಸೇತುವೆಗಳ ಫೋಟೋ ನೋಡಿರ್ತೀರಿ. ಅಲ್ಲಿ ಖಾಸಿ ಜನ ರಬ್ಬರ್ ಜಾತಿಯ ಆಲದ ಬೇರನ್ನು ಹೊಳೆಯ ಆಚೆ ದಡಕ್ಕೆ ದಾಟಿಸೋಕೆ, ತಿರುಳು ತೆಗೆದ ಅಡಿಕೆ ಕಾಂಡವನ್ನೇ ಕೊಳವೆಯ ಹಾಗೆ ಬಳಸುತ್ತಾರೆ. ಬೇರು ಗಟ್ಟಿಯಾಗಿ ಜನ ಓಡಾಡೋಕೆ ಹದಿನೈದು ಇಪ್ಪತ್ತು ವರ್ಷ ಬೇಕು. ಅಡಿಕೆ ಅಷ್ಟರಲ್ಲಿ ಕೊಳೆತುಹೋಗಿರುತ್ತೆ, ಅದರ ಕೆಲಸ ಮುಗಿದಿರುತ್ತೆ. ಅದೇ ಮರ, ಅದೇ ಮಳೆ. ಒಬ್ಬರು ಒಂದು ವರ್ಷಕ್ಕೆ ಯೋಚಿಸಿದರು, ಇನ್ನೊಬ್ಬರು ಮೊಮ್ಮಕ್ಕಳಿಗೆ.

ಕಾಲುಸಂಕದ ಕಷ್ಟ ಶುರುವಾದದ್ದು ಅದನ್ನು ಹಾಕುವ ಕೈಗಳು ಕಡಿಮೆಯಾದಾಗ. ಮನೆಯಲ್ಲಿ ಇಬ್ಬರು ವಯಸ್ಸಾದವರು, ಮಗ ಬೆಂಗಳೂರಿನಲ್ಲೋ ಪುಣೆಯಲ್ಲೋ ನನ್ನ ಥರ ನಾಗ್ಪುರದಲ್ಲೋ. ಹೋದ ವರ್ಷದ ಸಂಕವೇ ಈ ವರ್ಷಕ್ಕೂ ಇರಲಿ ಅನ್ನೋದು ಅಲ್ಲಿಂದ. ಅದರ ಮೇಲೆ ಓಡಾಡುವವರಲ್ಲಿ ಶಾಲೆಗೆ ಹೋಗೋ ಮಕ್ಕಳೇ ಹೆಚ್ಚು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ವಾಪಸ್ ಬರುತ್ತಿದ್ದ ಪುಟ್ಟ ಬಾಲಕಿ ಕಾಲುಸಂಕದಿಂದ ಜಾರಿ ತುಂಬಿದ ಹಳ್ಳಕ್ಕೆ ಬಿದ್ದು ತೀರಿಹೋದಳು. ಎಷ್ಟೋ ಜನಕ್ಕೆ ಕಾಲುಸಂಕ ಅನ್ನೋ ಪದ ಗೊತ್ತಾಗಿದ್ದೇ ಆ ವಾರದ ಸುದ್ದಿಯಿಂದ. ಶಾಲಾ ಸಂಪರ್ಕ ಸೇತು ಅನ್ನೋ ಹೆಸರಿನಲ್ಲಿ ಸರ್ಕಾರದ ಯೋಜನೆಯೊಂದು ಅದಕ್ಕೂ ಮುಂಚೆಯೇ ಇತ್ತು. ಆದರೆ ಹಳ್ಳಗಳ ಸಂಖ್ಯೆ ಮುಂದೆ ಯಾವ ಯೋಜನೆಯೂ ಸಣ್ಣದೇ.

ಈಗ ಸುಳ್ಯಕ್ಕೆ ಬರೋಣ. ಹಳ್ಳಕ್ಕಾದರೆ ಅಡಿಕೆ ಮರ ಸಾಕು, ಹೊಳೆಗೆ? ಸುಳ್ಯದ ಪಯಸ್ವಿನಿ ದೊಡ್ಡ ಹೊಳೆ. ಮುಂದೆ ಕಾಸರಗೋಡಿಗೆ ಹೋಗಿ ಚಂದ್ರಗಿರಿ ಅನ್ನಿಸಿಕೊಳ್ಳುತ್ತೆ. ಅದರ ದಡದ ಅರಂಬೂರಿನ ಜನ ಮಳೆಗಾಲದಲ್ಲಿ ದೋಣಿ ನಂಬಿ ಬದುಕಿದ್ದರು. ಸುಳ್ಯದಲ್ಲಿ ವರ್ಕ್‌ಶಾಪ್ ನಡೆಸುತ್ತಿದ್ದ ಗಿರೀಶ್ ಭಾರದ್ವಾಜ್ ಅವರ ಹತ್ತಿರ ಹೋಗಿ ನಮಗೊಂದು ಸೇತುವೆ ಮಾಡಿಕೊಡಿ ಅಂದರು. ಗಿರೀಶ್ ಓದಿದ್ದು ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ, ಮೆಕ್ಯಾನಿಕಲ್ ಇಂಜಿನಿಯರಿಂಗ್. ಸಿವಿಲ್ ಅಲ್ಲ! ಸೇತುವೆ ಅವರ ಸಿಲೆಬಸ್ಸಿನಲ್ಲೇ ಇರಲಿಲ್ಲ. ಆದರೂ ಓದಿಕೊಂಡು, ಲೆಕ್ಕ ಹಾಕಿ, ಊರಿನವರ ಶ್ರಮದಾನ ಸೇರಿಸಿ 1989ರಲ್ಲಿ ಅರಂಬೂರಿನಲ್ಲಿ ತೂಗುಸೇತುವೆ ಕಟ್ಟಿದರು. ಅಲ್ಲಿಂದ ಶುರುವಾಗಿದ್ದು ನೂರು ದಾಟಿತು. ಕರ್ನಾಟಕ, ಕೇರಳ, ಆಂಧ್ರ, ತೆಲಂಗಾಣ, ಒಡಿಶಾ. ಉಡುಪಿಯ ಹತ್ತಿರ ಕೆಮ್ಮಣ್ಣಿನಿಂದ ತಿಮ್ಮಣ್ಣ ಕುದ್ರುವಿಗೆ ಹೋಗೋ ತೂಗುಸೇತುವೆಯೂ ಅವರದ್ದೇ. ಇವತ್ತು ರೀಲ್ಸ್ ಮಾಡೋರಿಗೆ ಅದು ಬ್ಯಾಕ್‌ಗ್ರೌಂಡ್, ಕುದ್ರುವಿನವರಿಗೆ ಅದು ಆಸ್ಪತ್ರೆಯ ದಾರಿ. 2017ರಲ್ಲಿ ಗಿರೀಶ್ ಅವರಿಗೆ ಪದ್ಮಶ್ರೀ ಬಂತು.

ತೂಗುಸೇತುವೆ ಅಗ್ಗ ಯಾಕೆ ಅನ್ನೋದನ್ನು ಬಟ್ಟೆ ಒಣಗಿಸೋ ಹಗ್ಗದಿಂದ ಅರ್ಥ ಮಾಡಿಕೊಳ್ಳಬಹುದು. ನದಿಯ ಮಧ್ಯೆ ಕಂಬ ಬೇಡ. ನೀರು ತಿರುಗಿಸಿ ಅಡಿಪಾಯ ಹಾಕೋ ಖರ್ಚೇ ಇಲ್ಲ. ಎರಡೂ ದಡದಲ್ಲಿ ಗೋಪುರ, ಗೋಪುರದ ಮೇಲಿಂದ ಉಕ್ಕಿನ ಹಗ್ಗ, ಹಗ್ಗದ ತುದಿಗಳು ನೆಲದೊಳಗೆ ಹೂತ ಕಾಂಕ್ರೀಟ್ ದಿಮ್ಮಿಗಳಿಗೆ. ಮುಖ್ಯ ಹಗ್ಗದಿಂದ ಸರಳುಗಳು ಇಳಿಬಿದ್ದು ನಡೆಯುವ ಹಾಸನ್ನು ಹಿಡಿದಿರುತ್ತವೆ. ಒಂದು ಲೆಕ್ಕ ನೋಡಿ. ಹೊಳೆ 80 ಮೀಟರ್ ಅಗಲ, ಸೇತುವೆ ಮತ್ತು ಜನ ಸೇರಿ ಮೀಟರಿಗೆ 300 ಕೆ.ಜಿ. ಭಾರ, ಹಗ್ಗ ನಡುವೆ 6 ಮೀಟರ್ ಜೋತಿದೆ ಅಂತಿಟ್ಟುಕೊಳ್ಳಿ. ಭಾರವನ್ನು ಅಗಲದ ವರ್ಗದಿಂದ ಗುಣಿಸಿ, ಜೋತಿನ ಎಂಟರಷ್ಟರಿಂದ ಭಾಗಿಸಿ. 40 ಟನ್ ಬರುತ್ತೆ. ಒಟ್ಟು ತೂಕವೇ 24 ಟನ್, ಹಗ್ಗಗಳ ಮೇಲಿನ ಸೆಳೆತ 40 ಟನ್! ಸೇತುವೆ ನೋಡೋಕೆ ನೆಟ್ಟಗೆ ಇರಲಿ ಅಂತ ಹಗ್ಗವನ್ನು ಬಿಗಿದು ಜೋತನ್ನು 3 ಮೀಟರಿಗೆ ಇಳಿಸಿದರೆ ಸೆಳೆತ 80 ಟನ್. ಬಟ್ಟೆಹಗ್ಗವನ್ನು ತುಂಬಾ ಬಿಗಿದು ಕಟ್ಟಿದರೆ ಮೊಳೆ ಕಿತ್ತು ಬರೋದು ಇದಕ್ಕೇ. ಜೋಲು ಬಿದ್ದಿರೋದು ದೌರ್ಬಲ್ಯ ಅಲ್ಲ, ಅದೇ ಅದರ ಶಕ್ತಿ.

ಇಂಥ ಸೇತುವೆಗೆ ಚಾವಣಿ ಹಾಕಿದರೆ ಗಾಳಿಗೆ ಪಟ ಕಟ್ಟಿದ ಹಾಗೆ ಆಗುತ್ತೆ, ಹಾಕೋ ಹಾಗಿಲ್ಲ. ಆದರೆ ಇದಕ್ಕೂ ಒಂದು ಚಾವಣಿ ಇದೆ, ಕಣ್ಣಿಗೆ ಕಾಣೋದಿಲ್ಲ ಅಷ್ಟೆ. ಉಕ್ಕಿನ ಎಳೆಗಳ ಮೇಲಿನ ಸತುವಿನ ಲೇಪ, ಹಗ್ಗಕ್ಕೆ ಹಚ್ಚುವ ಗ್ರೀಸ್, ವರ್ಷಕ್ಕೊಮ್ಮೆ ಬಿಗಿಸುವ ಬೋಲ್ಟು. ಸತು ಮೊದಲು ಸವೆಯುತ್ತೆ, ಉಕ್ಕು ಉಳಿಯುತ್ತೆ. ಫಿಲಡೆಲ್ಫಿಯಾದ ಜಡ್ಜ್ ಸಾಹೇಬರ ಲೆಕ್ಕವೇ. ಕಷ್ಟ ಇರೋದು, ಮರದ ಚಾವಣಿ ತೂತಾದರೆ ದಾರಿಹೋಕನಿಗೂ ಕಾಣುತ್ತೆ. ಹಗ್ಗದ ಒಳಗಿನ ಎಳೆ ತುಕ್ಕು ಹಿಡಿದರೆ ಯಾರಿಗೂ ಕಾಣೋದಿಲ್ಲ.

ಅದು ಮೋರ್ಬಿಯಲ್ಲಿ ಆಯಿತು. ಗುಜರಾತಿನ ಮೋರ್ಬಿಯ ಮಚ್ಚೂ ನದಿಯ ತೂಗುಸೇತುವೆ 1879ರದ್ದು. ತಿಂಗಳುಗಟ್ಟಲೆ ರಿಪೇರಿಗೆ ಮುಚ್ಚಿ, 2022ರ ಅಕ್ಟೋಬರ್ 26ಕ್ಕೆ ಮತ್ತೆ ತೆರೆದರು. 30ಕ್ಕೆ ಕುಸಿಯಿತು. 135 ಜನ ಸತ್ತರು. ತನಿಖಾ ತಂಡದ ವರದಿ ಹೇಳಿದ್ದು ಇದು: ಒಂದು ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದಿದ್ದವು. ರಿಪೇರಿಯಲ್ಲಿ ಆ ಹಗ್ಗವನ್ನು ಬದಲಿಸಲೇ ಇಲ್ಲ. ಬದಲಿಸಿದ್ದು ನಡೆಯುವ ಹಾಸನ್ನು. ಬಳುಕುವ ಮರದ ಹಲಗೆ ತೆಗೆದು ಗಡುಸಾದ ಅಲ್ಯೂಮಿನಿಯಂ ಹಾಕಿದರು, ಅದರಿಂದ ಭಾರವೂ ಹೆಚ್ಚಿತು. ಹಳೆಯ ಸರಳುಗಳಿಗೆ ಹೊಸ ಸರಳುಗಳನ್ನು ವೆಲ್ಡ್ ಮಾಡಿದರು. ನನ್ನ ವೃತ್ತಿಯವರಿಗೆ ಇದು ತುಂಬಾ ಚೆನ್ನಾಗಿ ಗೊತ್ತು. ಹಿಂದಿನ ಡೇಟಾಬೇಸ್ ಮುಟ್ಟೋಕೆ ಭಯ, ಹಾಗಾಗಿ ಸ್ಕ್ರೀನ್ ಹೊಸದು ಮಾಡಿ ರಿಲೀಸ್ ಮಾಡೋದು. ನಮ್ಮಲ್ಲಿ ಸರ್ವರ್ ಬಿದ್ದರೆ ಮತ್ತೆ ಎಬ್ಬಿಸಬಹುದು.

ಇದಾದ ಒಂದೆರಡು ದಿನಕ್ಕೇ ನಮ್ಮ ಯಲ್ಲಾಪುರ ಕಡೆಯ ಶಿವಪುರ ತೂಗುಸೇತುವೆಯ ಮೇಲೆ ಪ್ರವಾಸಿಗರು ಕಾರು ನುಗ್ಗಿಸಿದ ವಿಡಿಯೋ ಎಲ್ಲರ ಫೋನಿಗೂ ಬಂತು. ಮಹಾರಾಷ್ಟ್ರದ ನಂಬರಿನ ಕಾರು. ಊರಿನವರು ತಡೆದು, ಬೈದು, ಹಿಂದಕ್ಕೆ ತಳ್ಳಿಸಿದರು. ಆಫೀಸಿನಲ್ಲಿ ಅದನ್ನು ತೋರಿಸಿದಾಗ ನನ್ನ ಮರಾಠಿ ಸಹೋದ್ಯೋಗಿಗಳು ನಾಚಿಕೊಂಡರು ಅನ್ನಿ. ಆದರೆ ನಾನು ಗಮನಿಸಿದ್ದು ಊರಿನವರನ್ನು. ಅವರು ಓಡಿಬಂದದ್ದು ಯಾಕೆ? ಆ ಹಗ್ಗ ಹೋದರೆ ನಾಳೆ ಬೆಳಿಗ್ಗೆ ಆಚೆ ದಡಕ್ಕೆ ಹೋಗೋದು ಹೇಗೆ ಅನ್ನೋದು ಅವರಿಗೆ ಗೊತ್ತು. ಮೋರ್ಬಿಯ ಸೇತುವೆಗೆ ಟಿಕೆಟ್ ಇತ್ತು, ಇಂಥ ಊರಿನವರು ಇರಲಿಲ್ಲ.

ಅದೇ ನವೆಂಬರ್ 27ಕ್ಕೆ ನಮ್ಮ ಹತ್ತಿರವೇ ಆಯಿತು. ಬಲ್ಲಾರ್‌ಷಾ ಜಂಕ್ಷನ್. ಬೆಂಗಳೂರಿಗೆ ಸಂಘಮಿತ್ರ ಎಕ್ಸ್‌ಪ್ರೆಸ್ ಹತ್ತೋ ನಾಗ್ಪುರದ ಕನ್ನಡಿಗರಿಗೆಲ್ಲ ಗೊತ್ತಿರೋ ಸ್ಟೇಷನ್. ಅಲ್ಲಿಯ ಕಾಲ್ಸೇತುವೆಯ ಮೇಲೆ ಜನ ಪುಣೆ ರೈಲು ಹಿಡಿಯೋಕೆ ಅವಸರದಿಂದ ದಾಟುತ್ತಿದ್ದಾಗ ನಡೆಯುವ ಹಾಸಿನ ಸ್ಲ್ಯಾಬ್ ಕಳಚಿ ಹಳಿಯ ಮೇಲೆ ಬಿತ್ತು. ಒಬ್ಬ ಮಹಿಳೆ ತೀರಿಕೊಂಡರು, ಹಲವರಿಗೆ ಗಾಯ. ಸೇತುವೆಯ ಚೌಕಟ್ಟು ನಿಂತೇ ಇತ್ತು. ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ನಾನು ರೈಲಿನ ಕಿಟಕಿಯಿಂದ ಕಾಲ್ಸೇತುವೆಗಳ ಹೊಟ್ಟೆಯನ್ನೇ ನೋಡ್ತೀನಿ. ಮೇಲಿನ ಮುಖಕ್ಕೆ ಬಣ್ಣ ಹೊಡೆದಿರುತ್ತೆ. ನೀರು ಸೋರಿದ ಕಂದು ಗೆರೆ ಇರೋದು ಕೆಳಗೆ.

ಬೈಂದೂರು, ಮೋರ್ಬಿ, ಬಲ್ಲಾರ್‌ಷಾ. ಮೂರೂ ನಾಲ್ಕು ತಿಂಗಳೊಳಗೆ ಆದದ್ದು. ಒಂದು ಅಡಿಕೆ ಮರದ್ದು, ಒಂದು ಉಕ್ಕಿನ ಹಗ್ಗದ್ದು, ಒಂದು ಕಾಂಕ್ರೀಟಿನದ್ದು. ಮೂರರಲ್ಲಿ ಅತಿ ಕಡಿಮೆ ತಂತ್ರಜ್ಞಾನ ಇರೋದು ಕಾಲುಸಂಕ. ಅದು ಯಾವಾಗ ಹಾಳಾಗುತ್ತೆ, ಯಾರು ಯಾವ ತಿಂಗಳಲ್ಲಿ ಬದಲಿಸಬೇಕು ಅನ್ನೋದು ಊರಿಗೆಲ್ಲ ಗೊತ್ತಿತ್ತು. ಮಿಕ್ಕ ಎರಡಕ್ಕೆ ಆ ತಾರೀಕನ್ನು ಯಾರ ಕ್ಯಾಲೆಂಡರಿನಲ್ಲಿ ಬರೆದಿದ್ದರು?

ವಿದರ್ಭದವರು ನನ್ನನ್ನು ಕೇಳೋದು ಬೇರೆ ಪ್ರಶ್ನೆ. ನಾಗ್ಪುರದಿಂದ ದಕ್ಷಿಣಕ್ಕೆ ಗಡ್‌ಚಿರೋಲಿ ಜಿಲ್ಲೆಯ ಭಾಮರಾಗಡ ಇದೆ. ಪರ್ಲಕೋಟಾ ನದಿ ಉಕ್ಕಿದರೆ ಸೇತುವೆಯೇ ಮುಳುಗಿ ತಾಲೂಕು ಕೇಂದ್ರಕ್ಕೇ ಸಂಪರ್ಕ ಕಡಿದುಹೋಗುತ್ತೆ, ಸುತ್ತಲಿನ ಕಾಡಿನ ಹಳ್ಳಿಗಳ ಕಥೆ ಕೇಳೋದೇ ಬೇಡ. ನಿಮ್ಮ ಸುಳ್ಯದ ಇಂಜಿನಿಯರ್ ಒಡಿಶಾ, ತೆಲಂಗಾಣದ ಕಾಡಿನಲ್ಲಿ ಕಟ್ಟಿದ ಹಾಗೆ ಇಲ್ಲೂ ಕಟ್ಟಬಹುದಾ ಅಂತ ಒಬ್ಬ ಗೆಳೆಯ ಕೇಳಿದ. ಕಟ್ಟಬಹುದು. ಹೊಳೆಯ ಅಗಲ, ನೆರೆಯ ಅತಿ ಎತ್ತರದ ಗುರುತು, ದಡದ ಮಣ್ಣು, ಇವಿಷ್ಟು ಸಿಕ್ಕರೆ ಲೆಕ್ಕ ಕಷ್ಟ ಅಲ್ಲ. ನೆರೆಯಲ್ಲಿ ತೇಲಿಬರೋ ದೊಡ್ಡ ಮರದ ದಿಮ್ಮಿ ತಗುಲದಷ್ಟು ಎತ್ತರದಲ್ಲಿ ಹಾಸು ಇರಬೇಕು. ತೂಗುಸೇತುವೆಗೆ ನೀರಿಗಿಂತ ದಿಮ್ಮಿಯ ಭಯವೇ ಹೆಚ್ಚು. ನಾನು ಅವನಿಗೆ ತಿರುಗಿ ಕೇಳಿದ್ದು, ಗ್ರೀಸ್ ಡಬ್ಬಿ ಯಾರ ಮನೆಯಲ್ಲಿ ಇಡ್ತೀರಿ ಅಂತ. ಅವನು ನಕ್ಕ, ಆಮೇಲೆ ಒಂದು ನಿಮಿಷ ಸುಮ್ಮನಾದ.

ನಿಮ್ಮ ಊರಿನಲ್ಲಿ ಈಗಲೂ ವರ್ಷ ವರ್ಷ ಹಾಕೋ ಕಾಲುಸಂಕ ಇದ್ದರೆ ಯಾವ ಮರದ್ದು, ಯಾರು ಹಾಕ್ತಾರೆ ಅಂತ ಬರೆದು ಕಳಿಸಿ. ಮುಂದಿನ ವಿಡಿಯೋ ಹರಿಗೋಲಿನದು: ಬಿದಿರು, ಚರ್ಮ, ಮತ್ತೆ ದುಂಡಗಿನ ದೋಣಿ ಸುತ್ತು ಹೊಡೆಯದೇ ನೆಟ್ಟಗೆ ಹೋಗೋದು ಹೇಗೆ ಅನ್ನೋದರ ಲೆಕ್ಕ.